ಸಾಯಲು ಒಪ್ಪದ ನಾಯಕಿ

ಕಳೆದ ತಿಂಗಳು ನನ್ನ ತವರೂರು ಮಟಕಿಯಲ್ಲಿ ಒಬ್ಬ ಹೆಣ್ಣುಮಗಳು ಸಾಯಲು ಒಪ್ಪಲಿಲ್ಲ. ಅವಳು ಸಾಯದೆ ಹೋದದ್ದರಿಂದ ನನ್ನ ಅಣ್ಣ ದೊಡ್ಡ ಪೇಚಿಗೆ ಸಿಕ್ಕ. ಊರಿನ ಅರ್ಧ ಜನ ಚಪ್ಪಾಳೆ ಹೊಡೆದರು. ಇನ್ನರ್ಧ ಜನ 'ಇದೇನ್ರಿ ಮೋಸ' ಅಂತ ಎದ್ದು ನಿಂತರು.

ಗಾಬರಿ ಬೇಡ. ನಾನು ಹೇಳುತ್ತಿರುವುದು ನಾಟಕದ ವಿಷಯ.

ನಮ್ಮೂರಲ್ಲಿ ತೊಗರಿ ರಾಶಿ ಮುಗಿದ ಮೇಲೆ ವರ್ಷಕ್ಕೊಂದು ನಾಟಕ ಆಡುತ್ತಾರೆ. ಪ್ರತಿ ವರ್ಷವೂ ಅದೇ ನಾಟಕ. ಬರೆದ ಮಾಸ್ತರರು ತೀರಿಕೊಂಡು ಎಷ್ಟೋ ಕಾಲವಾಯಿತು. ಅವರಿಟ್ಟ ಹೆಸರು ಯಾರಿಗೂ ನೆನಪಿಲ್ಲ. ಊರವರ ಬಾಯಲ್ಲಿ ಅದು 'ಜೋಡಿ ಹೆಣದ ನಾಟಕ'. ಕಥೆ ನಿಮಗೆ ಗೊತ್ತಿರುವಂಥದ್ದೇ. (ಗೊತ್ತಿಲ್ಲ ಅನ್ನಬೇಡಿ. ಇಂಥದೊಂದು ಕಥೆ ಇಲ್ಲದ ಊರು ಎಲ್ಲಿದೆ ತೋರಿಸಿ?) ಭೀಮಾ ತೀರದಲ್ಲಿ ಒಬ್ಬ ದೇಸಾಯಿ. ಅವನ ಮಗಳು ನೀಲಾ. ಆಚೆ ದಂಡೆಯಲ್ಲಿ ದೋಣಿ ನಡೆಸುವ ಅಂಬಿಗರ ಹುಡುಗ. ಒಂದು ನೋಟ, ಎರಡು ಹಾಡು, ಮೀಸೆ ತಿರುವುವ ದೇಸಾಯಿ, ಕೊನೆಗೆ ಹೊಳೆದಂಡೆಯಲ್ಲಿ ವಿಷದ ಬಟ್ಟಲು. ಇಬ್ಬರೂ ಸತ್ತ ಮೇಲೆ ದೇಸಾಯಿ ಓಡಿ ಬಂದು ಎದೆ ಬಡಿದುಕೊಂಡು ಅಳುತ್ತಾನೆ. ಊರೂ ಅಳುತ್ತದೆ. ಪರದೆ ಬೀಳುತ್ತದೆ.

ಆ ದೇಸಾಯಿಯೇ ನನ್ನ ಅಣ್ಣ ಶರಣಪ್ಪ. ಅವನ ಮೀಸೆ ಕಪ್ಪಗಿದ್ದಾಗಿನಿಂದ ಆ ಪಾತ್ರ ಅವನದೇ. ಈಗ ಮೀಸೆಗೆ ಬಣ್ಣ ಹಚ್ಚಿಕೊಂಡು ಮಾಡುತ್ತಾನೆ. ಕೊನೆಯ ಅವನ ಡೈಲಾಗ್ ಅಂದರೆ ನಮ್ಮ ಸುತ್ತಲಿನ ಹಳ್ಳಿಗಳಲ್ಲೆಲ್ಲ ಫೇಮಸ್. ಮೊಣಕಾಲೂರಿ, ಮಗಳ ಹೆಣದ ಮುಂದೆ ಕೈಚಾಚಿ ಹೇಳುತ್ತಾನೆ: "ಕಣ್ಣು ತೆರೆ ಮಗಳೇ! ಒಂದೇ ಒಂದು ಸಲ ಕಣ್ಣು ತೆರೆ! ನೀನು ಕಣ್ಣು ತೆರೆದರೆ ಈ ನನ್ನ ಕೈಯಾರೆ ನಿನ್ನನ್ನು ಅವನಿಗೆ ಧಾರೆ ಎರೆದು ಕೊಡುತ್ತೇನೆ! ಕುಲದ ಗೋಡೆಯನ್ನು ಈ ಎದೆಯಿಂದಲೇ ಒಡೆಯುತ್ತೇನೆ!"

ಅವನು ಇದನ್ನು ಹೊಲದಲ್ಲಿ ಎತ್ತುಗಳ ಮುಂದೆ ಪ್ರಾಕ್ಟೀಸ್ ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೂ ಪ್ರತಿ ವರ್ಷ ಅಳುತ್ತೇನೆ. ಮೂಗು ಸೀನಿಕೊಳ್ಳುವಷ್ಟು ಅಳುತ್ತೇನೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಆದರೂ ಬಿಟ್ಟಿಲ್ಲ.

ಈ ಸಲ ಮಾತ್ರ ಅಣ್ಣ ನನ್ನನ್ನು ಕಲಬುರಗಿಯಿಂದ ಕರೆಸಿದ್ದು ನಾಟಕ ನೋಡಲು ಅಲ್ಲ.

"ಬಂದು ಸುವರ್ಣಾಗ ಬುದ್ಧಿ ಹೇಳವ್ವಾ. ನಿನ್ನ ಮಾತು ಕೇಳ್ತಾಳ," ಅಂದಿದ್ದ ಫೋನಿನಲ್ಲಿ.

ಸುವರ್ಣಾ ಅವನ ಒಬ್ಬಳೇ ಮಗಳು. ಅಫಜಲಪುರದ ಹತ್ತಿರದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಬಿ.ಎಡ್. ಓದುವಾಗ ಮಲ್ಲಿಕಾರ್ಜುನ ಅನ್ನುವ ಹುಡುಗನ ಪರಿಚಯವಾಯಿತು. ಅವನು ಈಗ ಜೇವರ್ಗಿ ಕಡೆ ಒಂದು ಶಾಲೆಯಲ್ಲಿ ಲೆಕ್ಕದ ಮಾಸ್ತರ. ಇವರ ಪ್ರೇಮಕಥೆಯಲ್ಲಿ ಹಾಡಿಲ್ಲ, ದೋಣಿಯೂ ಇಲ್ಲ. ರಜೆಯ ದಿನ ಇವಳು ಈ ಕಡೆಯಿಂದ, ಅವನು ಆ ಕಡೆಯಿಂದ ಬಸ್ಸು ಹತ್ತಿ ಸೊನ್ನದಲ್ಲಿ ಇಳಿಯುತ್ತಾರೆ. ಬ್ಯಾರೇಜಿನ ಹತ್ತಿರ ನಿಂತು ಮಿರ್ಚಿ ಭಜಿ ತಿನ್ನುತ್ತಾರೆ. ಮಕ್ಕಳ ಉತ್ತರಪತ್ರಿಕೆಯ ಬಗ್ಗೆ, ಹೆಡ್‌ಮಾಸ್ತರರ ಕಾಟದ ಬಗ್ಗೆ ಮಾತಾಡುತ್ತಾರೆ. ತಿರುಗಿ ಬಸ್ಸು ಹತ್ತುತ್ತಾರೆ. ಇದನ್ನು ನನಗೆ ಸುವರ್ಣಾನೇ ಹೇಳಿದ್ದು. ನಾಟಕದ ಜೋಡಿ ಭೀಮಾ ದಂಡೆಯಲ್ಲಿ ವಿಷ ಕುಡಿದರೆ ಈ ಜೋಡಿ ಅದೇ ಭೀಮಾ ದಂಡೆಯಲ್ಲಿ ಭಜಿ ತಿನ್ನುತ್ತದೆ. ಅಜೀರ್ಣವಾದರೂ ಜೀವಕ್ಕೆ ಅಪಾಯವಿಲ್ಲ.

ಹುಡುಗನಲ್ಲಿ ಏನು ಕೊರತೆ? ಏನೂ ಇಲ್ಲ. ಅವರೂ ಲಿಂಗಾಯತರೇ. ಕೊರಳಲ್ಲಿ ಅದೇ ಲಿಂಗ, ಗೋಡೆಯ ಮೇಲೆ ಅದೇ ಶರಣರ ಫೋಟೊ. ಆದರೆ ಒಳಪಂಗಡ ಬೇರೆಯಂತೆ! ಬೆಳಿಗ್ಗೆ ಎದ್ದ ಕೂಡಲೇ 'ಕುಲ ಕುಲವೆಂದು ಬಡಿದಾಡಬೇಡಿ' ಅನ್ನುವ ಪ್ರವಚನವನ್ನು ಮೊಬೈಲಿನಲ್ಲಿ ಜೋರಾಗಿ ಹಚ್ಚಿ ಇಡೀ ಓಣಿಗೆ ಕೇಳಿಸುವ ನನ್ನ ಅಣ್ಣ, ಆ ಒಂದು 'ಒಳ'ಕ್ಕೆ ಅಂಟಿಕೊಂಡು ಕೂತಿದ್ದ. ಅಷ್ಟೇ ಅಲ್ಲ, ಅಕ್ಕಲಕೋಟ ಕಡೆಯ ಒಂದು ಮನೆಯವರಿಗೆ ನಾಟಕದ ಮರುದಿನ ಹೆಣ್ಣು ನೋಡಲು ಬರಹೇಳಿಬಿಟ್ಟಿದ್ದ.

ನಾನು ಹೋದ ಸಂಜೆ ಮನೆಯಲ್ಲಿ ಪಂಚಾಯತಿ ನಡೆಯಿತು. ಅಣ್ಣ ತನ್ನ ಕೊನೆಯ ಬಾಣ ಬಿಟ್ಟ.

"ಆ ಹುಡುಗನ್ನ ಮಾಡ್ಕೋಬೇಕಂದ್ರ ನನ್ನ ಹೆಣದ ಮ್ಯಾಲ ದಾಟಿ ಹೋಗು."

ಸುವರ್ಣಾ ಅಳಲಿಲ್ಲ. ಎದ್ದು ಒಳಗೂ ಹೋಗಲಿಲ್ಲ. ಶೇಂಗಾ ಬಿಡಿಸುತ್ತಾ ಕೂತಿದ್ದವಳು ತಲೆ ಎತ್ತಿದಳು.

"ಅಪ್ಪಾ, ನೀನೂ ಸಾಯಬ್ಯಾಡ, ನಾನೂ ಸಾಯಂಗಿಲ್ಲ. ಓಡಿನೂ ಹೋಗಂಗಿಲ್ಲ. ಇಬ್ರೂ ಜೀವಂತ ಇದ್ದು ಮಾತಾಡೋಣು. ನೀ ಹೂಂ ಅನ್ನೋತನ ನಾ ಇಲ್ಲೇ ಕುಂದರ್ತೇನಿ. ಆದ್ರ ನಾಡಿದ್ದ ಬರೋರ ಮುಂದ ಚಹಾ ಹಿಡಕೊಂಡು ಬರಂಗಿಲ್ಲ. ಅದನ್ನೂ ಈಗೇ ಹೇಳಾಕತ್ತೇನಿ."

ಅಣ್ಣ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಬುದ್ಧಿ ಹೇಳಲು ಬಂದ ಸೋದರತ್ತೆಗೆ ಹೇಳಲು ಬುದ್ಧಿ ಯಾವುದೂ ಉಳಿದಿರಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ಅವಳನ್ನು ಕೇಳಿದೆ, "ನಾಳೆ ನಾಟಕಕ್ಕರೆ ಬರ್ತೀಯೋ ಇಲ್ಲೋ?"

"ಆ ಸಾಯೋರ್ನ ನೋಡಾಕ ನಾ ಯಾಕ ಬರ್ಲಿ ಅತ್ತಿ?" ಅಂದಳು. "ಸಣ್ಣಾಕಿ ಇದ್ದಾಗಿಂದ ನೋಡಾಕತ್ತೇನಿ. ಆ ನೀಲಾ ಒಮ್ಮೆರೆ ಅಪ್ಪನ ಮುಂದ ನಿಂತು 'ನನಗ ಇಂವ ಬೇಕು' ಅಂದಾಳೇನು? ಹುಡುಗನ ಮುಂದ ಹಾಡ್ತಾಳ, ಗೆಳತಿ ಮುಂದ ಅಳ್ತಾಳ, ಚಂದ್ರನ ಮುಂದ ಹೇಳ್ಕೋತಾಳ. ಅಪ್ಪನ ಮುಂದ ಒಂದ ಸೀನ್ ಇಲ್ಲ. ಕುಡುಕ ಗಂಡ-ಹೇಂತಿ ಕಾಮಿಡಿಗೆ ಎಷ್ಟು ಹೊತ್ತು ಕೊಟ್ಟಾರ, ನೋಡೀಯಿಲ್ಲ?"

ಇಷ್ಟು ವರ್ಷ ಮೂಗು ಸೀನಿಕೊಂಡು ಅತ್ತ ನನಗೆ ಇದು ಹೊಳೆದೇ ಇರಲಿಲ್ಲ. ಹೌದಲ್ಲ? ನಮ್ಮ ದುರಂತ ಪ್ರೇಮಕಥೆಗಳಲ್ಲಿ ಪ್ರೇಮಿಗಳು ಎಲ್ಲರ ಜೊತೆ ಮಾತಾಡುತ್ತಾರೆ, ಯಾರ ಜೊತೆ ಮಾತಾಡಬೇಕೋ ಅವರನ್ನು ಬಿಟ್ಟು. ಅಪ್ಪಂದಿರೂ ಅಷ್ಟೇ. ಬದುಕಿರುವ ಮಗಳ ಮುಂದೆ ಬೈಗುಳ, ಸತ್ತ ಮಗಳ ಮುಂದೆ ಕವಿತೆ. (ಹಾಗೇನಾದರೂ ಆ ಸೀನ್ ಬರೆದಿದ್ದರೆ ನಾಟಕ ಇಂಟರ್ವಲ್‌ಗೇ ಮುಗಿದುಹೋಗುತ್ತಿತ್ತು, ಅದೂ ಖರೆ.)

ಕೊನೆಗೆ ಅವಳನ್ನು ಎಳೆದುಕೊಂಡೇ ಹೋದೆ. "ನಿಮ್ಮಪ್ಪ ಏನು ಮಾತಾಡ್ತಾನ ಅಂತ ಕೇಳಾಕರೆ ಬಾರಬೇ," ಅಂದೆ.

ಈ ವರ್ಷ ನಾಟಕ ನಡೆದದ್ದು ಮಧ್ಯಾಹ್ನ. ನಗಬೇಡಿ. ಮೊದಲೆಲ್ಲ ಊಟ ಮುಗಿಸಿ, ಚಾದರ ಹೊದ್ದು ಹೋಗಿ ಕೂತರೆ ಬೆಳಗಿನ ಕೋಳಿ ಕೂಗುವವರೆಗೆ ನಾಟಕ. ಈಗ ರಾತ್ರಿ ಹತ್ತಾದ ಮೇಲೆ ಮೈಕು ಹಚ್ಚುವಂತಿಲ್ಲ. ನಮ್ಮವರ ನಾಟಕಕ್ಕೋ, ಎಷ್ಟು ಹೊತ್ತಿದ್ದರೂ ಸಾಲದು. ಹಾಗಾಗಿ ಮಧ್ಯಾಹ್ನದ ಊಟವಾದ ಕೂಡಲೇ ಶುರು ಮಾಡಿದರು. ಶಾಮಿಯಾನದ ತೂತುಗಳಿಂದ ಬಿಸಿಲು ಸ್ಟೇಜಿನ ಮೇಲೆ ಬೀಳುತ್ತಿತ್ತು. ಅಂಬಿಗರ ಹುಡುಗ ಹಣೆಯ ಬೆವರು ಒರೆಸಿಕೊಳ್ಳುತ್ತಾ "ಆಹಾ, ಎಂಥ ತಂಪಾದ ಬೆಳದಿಂಗಳು ನೀಲಾ!" ಅಂದ. ನೀಲಾ ಸೆರಗಿನಿಂದ ಗಾಳಿ ಹಾಕಿಕೊಂಡಳು. ಜನ ಬಿದ್ದೂ ಬಿದ್ದೂ ನಕ್ಕರು.

ನೀಲಾ ಪಾತ್ರಕ್ಕೆ ಬಾಗಲಕೋಟೆ ಕಡೆಯಿಂದ ಸುಜಾತಾ ಅನ್ನುವ ಕಲಾವಿದೆಯನ್ನು ಕರೆಸಿದ್ದರು. ಊರೂರು ತಿರುಗಿ ಪಾತ್ರ ಮಾಡುವುದೇ ಅವಳ ಕಸುಬು. ಅಂಬಿಗರ ಹುಡುಗನ ಪಾತ್ರ ಮಾತ್ರ ಈ ಸಲ ಹೊಸಬನಿಗೆ ಹೋಗಿತ್ತು. ಹಳೆಯ ಅಂಬಿಗನಿಗೆ ಹೊಟ್ಟೆ ಬಂದು ದೋಣಿಯಲ್ಲಿ ಹಿಡಿಸದಂತಾಗಿದ್ದ. ಹೊಸ ಅಂಬಿಗ ಅಣ್ಣನ ಎದುರುಮನೆಯ ದಸ್ತಗೀರ, ಟ್ರ್ಯಾಕ್ಟರ್ ಓಡಿಸುವ ಹುಡುಗ. ನೋಡಲು ಚೆಲುವ, ದನಿಯೂ ಚೆನ್ನ. ಅವನ ಅಜ್ಜಿ ಹುಸೇನಬಿ ಮುಂದಿನ ಸಾಲಿನಲ್ಲೇ ಚಾಪೆ ಹಾಸಿಕೊಂಡು ಕೂತಿದ್ದಳು.

ಇಲ್ಲೇ ನೋಡಿ ಎಡವಟ್ಟಾದದ್ದು. ರಾತ್ರಿ ನಾಟಕವಾಗಿದ್ದರೆ ಅರ್ಧಕ್ಕೇ ಹುಸೇನಬಿಗೆ ಜೋಂಪು ಹತ್ತಿ, ಯಾರಾದರೂ ಮನೆಗೆ ಕರೆದೊಯ್ದು ಮಲಗಿಸುತ್ತಿದ್ದರು. ಇಷ್ಟು ವರ್ಷ ಹಾಗೇ ನಡೆದಿತ್ತು. ಕೊನೆಯ ಸೀನನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಜೋಡಿ ಹೆಣ ಬೀಳುತ್ತವೆ ಅನ್ನುವುದು ಅವಳಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿರುವುದು ಬೇರೆ, ಸಾಕಿದ ಮೊಮ್ಮಗ ಹಾಡುಹಗಲೇ ಕಣ್ಣ ಮುಂದೆ ವಿಷ ಕುಡಿದು ಒದ್ದಾಡುವುದನ್ನು ನೋಡುವುದು ಬೇರೆ. ದಸ್ತಗೀರನೋ, ಹೊಸ ಹುರುಪಿನಲ್ಲಿ ಸ್ವಲ್ಪ ಜಾಸ್ತಿಯೇ ಒದ್ದಾಡಿದ. ಬಾಯಿಂದ ಕೆಂಪು ಶರಬತ್ತು ಬೇರೆ ಇಳಿಸಿದ.

ಹುಸೇನಬಿ ಎದ್ದಳು. ಸೀದಾ ಮನೆಯ ಕಡೆ ನಡೆದಳು. ಪಾಪ, ನೋಡಲಾರದೆ ಹೋದಳು ಅಂದುಕೊಂಡೆವು.

ನಾಟಕ ನೋಡದ ಓದುಗರಿಗಾಗಿ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ನಾಟಕದ ನಡುವೆ ಆಯೇರಿ ಮಾಡುತ್ತಾರೆ. ಯಾರದಾದರೂ ಪಾತ್ರ ಮನಸ್ಸಿಗೆ ಬಂದರೆ ಸ್ಟೇಜ್ ಹತ್ತಿ ಟವೆಲ್ಲೋ, ಹಾರವೋ, ನೋಟೋ ಉಡುಗೊರೆ ಕೊಡುವುದು. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗುತ್ತಾರೆ. ಪಾತ್ರಧಾರಿ ಬೇಡ ಅನ್ನುವಂತಿಲ್ಲ. ಕತ್ತಿ ಎತ್ತಿದವನು ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿ ಕೈಮುಗಿಯುತ್ತಾನೆ. ಸತ್ತವನೂ ಎದ್ದು ಕೂತು, ಟವೆಲ್ ಹೊದಿಸಿಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ, ಮತ್ತೆ ಮಲಗಿ ಸಾಯುತ್ತಾನೆ. ಹೊರಗಿನವರಿಗೆ ಇದು ತಮಾಷೆ. ನಮಗೆ ಮಾತ್ರ ಸತ್ತವನು ಎದ್ದು ನಮಸ್ಕಾರ ಮಾಡಿದ ಮೇಲೂ ಅಳು ಬರುತ್ತದೆ.

ಹುಸೇನಬಿ ತಿರುಗಿ ಬಂದಳು. ಕೈಯಲ್ಲಿ ಸ್ಟೀಲಿನ ತಾಟು. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಕುಂಕುಮ, ಹಸಿರು ಕುಬಸದ ಖಣ, ಒಂದು ಹೊಸ ಟವೆಲ್. ನನ್ನ ಪಕ್ಕದಲ್ಲಿದ್ದ ಅತ್ತಿಗೆ ಹೌಹಾರಿದಳು.

"ಅಯ್ಯ ಇಕಿನ! ಅವು ನಮ್ಮನಿ ದೇವರ ಜಗಲಿ ಮ್ಯಾಲಿನವು! ನಾಳಿ ಅಕ್ಕಲಕೋಟದವ್ರು ಬರ್ತಾರಂತ ತೆಗದಿಟ್ಟಿದ್ದೆ!"

ಎದುರುಬದುರು ಮನೆ. ಬಾಗಿಲಿಗೆ ಚಿಲಕವಿಲ್ಲ. ಹುಸೇನಬಿಗೆ ತನ್ನ ಮನೆ ಯಾವುದು, ನಮ್ಮ ಮನೆ ಯಾವುದು ಅನ್ನುವ ಭೇದ ಎಂದೂ ಇರಲಿಲ್ಲ. ಅವಸರದಲ್ಲಿ ಕೈಗೆ ಸಿಕ್ಕಿದ್ದು ಎತ್ತಿಕೊಂಡು ಬಂದಿದ್ದಳು.

ಸೀದಾ ಸ್ಟೇಜ್ ಹತ್ತಿ ಮೊಮ್ಮಗನ ಹೆಣದ ಮುಂದೆ ನಿಂತಳು. "ಉಠ್ ರೇ ದಸ್ತು! ಮರ್ನಾ ನಕ್ಕೋ! ಸಾಯಬ್ಯಾಡ, ಏಳಲೇ, ಆಯೇರಿ ತೊಗೊ!"

ದಸ್ತಗೀರ ಎದ್ದ. ಹುಸೇನಬಿ ಟವೆಲ್ ಹೊದಿಸಿ ಅವನ ಬಾಯಿಯ ಶರಬತ್ತನ್ನು ತನ್ನ ಸೆರಗಿನಿಂದ ಒರೆಸಿದಳು. ಇಲ್ಲಿಯವರೆಗೆ ಎಲ್ಲ ಪದ್ಧತಿಯಂತೆಯೇ ಇತ್ತು. ಆಮೇಲೆ ನೀಲಾ ಕಡೆ ತಿರುಗಿದಳು. "ನೀನೂ ಏಳವ್ವಾ. ಸೆರಗು ಒಡ್ಡು." ಸುಜಾತಾ ಎದ್ದು ಸೆರಗು ಒಡ್ಡಿದಳು. ಹುಸೇನಬಿ ಅವಳ ಹಣೆಗೆ ಕುಂಕುಮ ಇಟ್ಟು, ಅಕ್ಕಿ, ಕಾಯಿ, ಖಣ, ಅರಿಷಿಣದ ಕೊಂಬು ಹಾಕಿ ಉಡಿ ತುಂಬಿದಳು. ಮದುಮಗಳಿಗೆ ತುಂಬುವ ಹಾಗೆ ತುಂಬು ಉಡಿ. "ನೂರು ವರ್ಷ ಬಾಳ್ರಿ ಇಬ್ರೂ," ಅಂದಳು. ಮೇಲಿನಿಂದ ಇಳಿಬಿಟ್ಟ ಮೈಕು ಆ ಮಾತನ್ನು ಊರಿಗೆಲ್ಲ ಕೇಳಿಸಿತು.

ಹಾರ್ಮೋನಿಯಂ ಮಾಸ್ತರರು ಕೈಸನ್ನೆ ಮಾಡಿದರು. ದಸ್ತಗೀರ ಅಜ್ಜಿಯ ಮುಖ ನೋಡುತ್ತಲೇ ಮಲಗಲು ಬಗ್ಗಿದ. ಸುಜಾತಾ ಮಾತ್ರ ಕದಲಲಿಲ್ಲ. ಎರಡೂ ಕೈಯಿಂದ ಉಡಿ ಹಿಡಿದು ನಿಂತೇ ಇದ್ದಳು.

"ಮಲ್ಕೋ ತಂಗಿ, ಶರಣಪ್ಪನ ಎಂಟ್ರಿ ಅದ," ಮಾಸ್ತರರು ಪಿಸುಗುಟ್ಟಿದರು.

"ಒಲ್ಲೆ ಮಾಸ್ತರ."

"ಹಾಂ?"

"ಆಯೇರಿ ಬ್ಯಾರೆ, ಉಡಿ ಬ್ಯಾರೆ. ಬರೇ ಆಯೇರಿ ಆಗಿದ್ರ ತೊಗೊಂಡು ಮತ್ತ ಸಾಯ್ತಿದ್ದೆ. ತುಂಬಿದ ಉಡಿ ಚೆಲ್ಲಿ ಹೆಣ ಆಗಿ ಮಲ್ಕೊಳ್ಳಾಕ ನನ್ನ ಕೈಲೆ ಆಗಂಗಿಲ್ರಿ. ನನಗೂ ಮನ್ಯಾಗ ಗಂಡ ಅದಾನ, ಮಕ್ಕಳದಾವ."

ಇದೂ ಮೈಕಿನಲ್ಲೇ ಕೇಳಿತು. ಹೆಂಗಸರ ಕಡೆಯಿಂದ "ಖರೇ ಅದರಿ! ಖರೇ ಅದ!" ಅಂತ ದನಿ ಎದ್ದಿತು. ಉಡಿ ತುಂಬಿಸಿಕೊಂಡವಳು ಅದನ್ನು ಚೆಲ್ಲದೆ ನೆಟ್ಟಗೆ ದೇವರ ಮುಂದೆ ಹೋಗಿ ಕೈಮುಗಿಯಬೇಕು. ಇದು ನಮ್ಮ ಕಡೆ ಎಳೆ ಹುಡುಗಿಯರಿಗೂ ಗೊತ್ತು. ಎಷ್ಟೋ ಊರಿನ ಸ್ಟೇಜಿನ ಮೇಲೆ ಸತ್ತು ಸತ್ತು ಪಳಗಿದ ಆ ಹೆಣ್ಣುಮಗಳಿಗೆ ಸಾಯುವುದೇನೂ ಹೊಸದಲ್ಲ. ಉಡಿ ತುಂಬಿದ ಹೆಣ್ಣನ್ನು ಹೆಣ ಮಾಡುವ ಧೈರ್ಯ ಮಾತ್ರ ಅವಳಿಗಿರಲಿಲ್ಲ.

ಮಾಸ್ತರರಿಗೆ ಏನೂ ತೋಚಲಿಲ್ಲ. ಗಾಬರಿಯಲ್ಲಿ ಅಭ್ಯಾಸಬಲದಿಂದ ದೇಸಾಯಿ ಎಂಟ್ರಿಯ ಟ್ಯೂನ್ ನುಡಿಸಿಬಿಟ್ಟರು. ಪರದೆಯ ಹಿಂದೆ ಮೀಸೆ ಸರಿಮಾಡಿಕೊಳ್ಳುತ್ತಾ ತನ್ನ ಡೈಲಾಗನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ ಅಣ್ಣನಿಗೆ ಹೊರಗೆ ನಡೆದದ್ದೊಂದೂ ಗೊತ್ತಿಲ್ಲ. ಟ್ಯೂನ್ ಕೇಳಿದ್ದೇ, "ನೀಲಾಽಽ..." ಅಂತ ಅರಚುತ್ತಾ ಓಡಿ ಬಂದ. ಆ ಎಂಟ್ರಿಯಿಂದ ಡೈಲಾಗಿನವರೆಗೆ ಅವನು ಕಣ್ಣು ಮುಚ್ಚಿಯೇ ಇರುವುದು. ಭಾವನೆ ಹಾಗೆ ಚೆನ್ನಾಗಿ ಬರುತ್ತದಂತೆ. ಧೊಪ್ಪನೆ ಮೊಣಕಾಲೂರಿದ. ಕೈ ಚಾಚಿದ.

"ಕಣ್ಣು ತೆರೆ ಮಗಳೇ! ಒಂದೇ ಒಂದು ಸಲ ಕಣ್ಣು ತೆರೆ! ನೀನು ಕಣ್ಣು ತೆರೆದರೆ ಈ ನನ್ನ ಕೈಯಾರೆ ನಿನ್ನನ್ನು ಅವನಿಗೆ ಧಾರೆ ಎರೆದು ಕೊಡುತ್ತೇನೆ..."

ಅಣ್ಣ ಕಣ್ಣು ತೆರೆದ. ಎದುರಿಗೆ ಹೆಣವಿಲ್ಲ. ಎರಡು ಜೊತೆ ಕಾಲು. ತಲೆ ಎತ್ತಿ ನೋಡಿದ. ಮಗಳು ಉಡಿ ಹಿಡಿದು ನಿಂತಿದ್ದಾಳೆ, ಹುಡುಗ ಟವೆಲ್ ಹೊದ್ದು ನಿಂತಿದ್ದಾನೆ, ನಡುವೆ ಹುಸೇನಬಿ.

"ಕಣ್ಣ ತೆರದೇ ನಿಂತಾಳ್ರಿ ದೇಸಾಯರ!" ಹಿಂದಿನಿಂದ ಪಾನ್‌ಶಾಪಿನವನು ಕೂಗಿದ. "ಮುಂದಿಂದು ಹೇಳ್ರಿ!"

ಮುಂದಿನದು? ಎಲ್ಲಿಂದ ಹೇಳಬೇಕು? ಅಣ್ಣ ಪ್ರಾಂಪ್ಟರ್ ಕಡೆ ನೋಡಿದ. ಪ್ರಾಂಪ್ಟರ್ ಪುಟ ತಿರುವಿ ತಲೆ ಅಲ್ಲಾಡಿಸಿದ. ಇನ್ನೆರಡು ಸಾಲು ಗೋಳಾಟ, ಆಮೇಲೆ ಪರದೆ. ಅಷ್ಟೇ ಇದ್ದದ್ದು. ಸತ್ತ ಮಗಳಿಗೆ ಹೇಳಲು ಆ ತೀರಿಹೋದ ಮಾಸ್ತರರು ಪುಟಗಟ್ಟಲೆ ಮಾತು ಬರೆದಿದ್ದರು. ಬದುಕಿ ನಿಂತ ಮಗಳಿಗೆ ಒಂದು ಮಾತನ್ನೂ ಬರೆದಿರಲಿಲ್ಲ.

ಜನ ನಗುತ್ತಿದ್ದರು. ಹೆಂಗಸರು "ಧಾರಿ ಎರೀರಿ! ಮಾತು ಕೊಟ್ಟೀರಿ!" ಅಂತ ಕೂಗತೊಡಗಿದರು. ನಾನೂ ನಗುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಸುವರ್ಣಾ ನಗುತ್ತಿರಲಿಲ್ಲ. ಕೈಕಟ್ಟಿ ಕೂತು ಅಪ್ಪನನ್ನೇ ನೋಡುತ್ತಿದ್ದಳು. ಅಣ್ಣನ ಕಣ್ಣೂ ಗುಂಪಿನಲ್ಲಿ ಅಲೆದಾಡಿ ಅವಳ ಮೇಲೆ ಬಂದು ನಿಂತಿತು. ನಾನೂ ನಗು ನಿಲ್ಲಿಸಿದೆ.

ಅಣ್ಣ ನಿಧಾನಕ್ಕೆ ಎದ್ದ. ಸುಜಾತಾಳ ಒಂದು ಕೈ ಹಿಡಿದ, ದಸ್ತಗೀರನ ಕೈ ಹಿಡಿದ, ಒಂದರ ಮೇಲೊಂದು ಇಟ್ಟ. ಧಾರೆಗೆ ನೀರು ಬೇಕಲ್ಲ? ಹುಸೇನಬಿ ನೆಲದ ಮೇಲಿದ್ದ ವಿಷದ ಬಟ್ಟಲು ಎತ್ತಿ, ಅದರಲ್ಲಿ ಉಳಿದಿದ್ದ ಕೆಂಪು ಶರಬತ್ತನ್ನೇ ಆ ಕೈಗಳ ಮೇಲೆ ಸುರಿದಳು. ಪರದೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ.

ಎಲ್ಲರಿಗೂ ಸಮಾಧಾನವಾಯಿತು ಅಂದುಕೊಳ್ಳಬೇಡಿ. "ಹೆಣ ಎಲ್ಲಿ? ಅಂಗಡಿ ಬಂದ್ ಮಾಡಿ ಬಂದೇನಿ, ಅಳೋದೇ ಆಗ್ಲಿಲ್ಲ!" ಅಂತ ಅದೇ ಪಾನ್‌ಶಾಪಿನವನು ಕಮಿಟಿಯವರ ಜೊತೆ ಜಗಳಕ್ಕೇ ನಿಂತ. ಅವನ ಮಾತಿನಲ್ಲೂ ನ್ಯಾಯ ಇತ್ತು. ನಾವು ಪ್ರೇಮಕಥೆ ನೋಡಲು ಹೋಗುವುದೇ ಅಳಲು. ಪ್ರೇಮಿಗಳು ಸತ್ತರೆ ನಮಗೆ ಅವರ ಮೇಲೆ ಎಷ್ಟು ಪ್ರೀತಿ! ಸತ್ತ ಪ್ರೇಮಿಗಳು ಯಾರಿಗೂ ತೊಂದರೆ ಕೊಡುವುದಿಲ್ಲ. ಜಾತಿ ಕೇಳಬೇಕಾಗಿಲ್ಲ, ಬೀಗರಿಗೆ ಉತ್ತರ ಕೊಡಬೇಕಾಗಿಲ್ಲ, ಓಣಿಯವರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಎರಡು ಹನಿ ಕಣ್ಣೀರು ಹಾಕಿ, 'ಎಂಥಾ ಅಮರ ಪ್ರೇಮ' ಅಂದು, ಮನೆಗೆ ಬಂದು ನಮ್ಮ ಮಗಳ ಮೊಬೈಲ್ ಚೆಕ್ ಮಾಡುತ್ತೇವೆ. ಹೌದೋ ಅಲ್ಲವೋ?

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಣ್ಣ ಪಡಸಾಲೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಮುಖ ಗಂಟಿಕ್ಕಿತ್ತು. ಸುವರ್ಣಾ ಚಹಾ ತಂದು ಅವನ ಪಕ್ಕದಲ್ಲಿಟ್ಟಳು. ಅಲ್ಲೇ ಕೂತಳು.

"ಅಪ್ಪಾ."

"ಹೂಂ."

"ನಾನೂ ಕಣ್ಣ ತೆರದೇ ಕುಂತೇನಲ್ಲ."

ಅಣ್ಣನ ಕೈಯಲ್ಲಿದ್ದ ಅರಿವೆ ಕೆನ್ನೆಯ ಮೇಲೇ ನಿಂತಿತು. ಅರ್ಧ ಮುಖ ದೇಸಾಯಿ, ಅರ್ಧ ಮುಖ ನಮ್ಮಣ್ಣ. ಬಾಗಿಲ ಸಂದಿಯಲ್ಲಿ ನಾನೂ ಅತ್ತಿಗೆಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದೆವು.

"ಅದು ನಾಟಕದ ಮಾತು," ಅಂದ ಕೊನೆಗೆ.

"ಗೊತ್ತದ. ಅಷ್ಟು ಜನರ ಮುಂದ ಹೇಳಾಕ ನಿನಗ ಎಷ್ಟು ಹಗುರ ಬರ್ತದ ನೋಡು. ನಾ ಒಬ್ಬಾಕಿನೇ ಅದೇನಿ. ನನ್ನ ಮುಂದ ಹೇಳಾಕ ಯಾಕ ಬರವಲ್ದು?"

ಅವಳು ದನಿ ಏರಿಸಲಿಲ್ಲ. ಎದ್ದೂ ಹೋಗಲಿಲ್ಲ. ಚಹಾ ಆರಿತು. ಅಣ್ಣ ಪೂರ್ತಿ ಮುಖ ಒರೆಸಿಕೊಂಡು ಮೊಬೈಲ್ ಎತ್ತಿದ. ಅಕ್ಕಲಕೋಟಕ್ಕೆ ಫೋನ್ ಹಚ್ಚಿದ. "ನಾಳಿ ಬರೋದು ಬ್ಯಾಡ್ರಿ... ಇಲ್ರಿ, ಮುಂದ ನೋಡೋಣು ಅಂತನೂ ಅಲ್ಲ... ನಮ್ಮ ಹುಡುಗಿ ಮನಸ್ಸು ಬ್ಯಾರೆ ಕಡೆ ಅದರಿ. ತಪ್ಪ ತಿಳೀಬ್ಯಾಡ್ರಿ." ಅಷ್ಟು ಹೇಳಿ ಫೋನ್ ಇಟ್ಟು, ಮಗಳ ಕಡೆ ನೋಡದೆಯೇ, ಆರಿದ ಚಹಾ ಕುಡಿದ.

ನನಗೆ ಅಳು ಬಂತು. ಈ ಸಲ ನನ್ನ ಮೇಲೆ ಸಿಟ್ಟು ಬರಲಿಲ್ಲ.

ನಾನು ಕಲಬುರಗಿಗೆ ಬಂದ ಮೇಲೆ ಒಂದು ದಿನ ಅಣ್ಣನ ಫೋನ್. "ರವಿವಾರ ಆ ಹುಡುಗ, ಅವರಪ್ಪ ಬರಾಕತ್ತಾರ. ನೀನೂ ಬಾ," ಅಂದ. ಆಮೇಲೆ ದನಿ ಇಳಿಸಿದ: "ತಂಗೀ, ಒಂದು ಕೆಲಸ ಮಾಡು. ನೀ ಪೇಪರಿನಾಗ ಬರೀತೀಯಲ್ಲ? ಅವರು ಬಂದ್ರ ನಾ ಏನು ಮಾತಾಡಬೇಕು, ಒಂದ ನಾಕು ಸಾಲು ಬರಕೊಡು. ನನಗ ಬರೇ ಅಳೋದು ಬರ್ತದ, ಬೈಯೋದು ಬರ್ತದ. ನಡುವಿಂದು ಬರಂಗಿಲ್ಲ."

ಹೂಂ ಅಂದೆ. ಅದೇನು ಮಹಾ ಅಂತ ಪೆನ್ನು ಹಿಡಿದು ಕೂತೆ. ಎರಡು ಸಂಜೆ ಕೂತೆ. ಪ್ರೇಮದ ಬಗ್ಗೆ ಎಷ್ಟು ಓದಿದ್ದೇನೆ, ಎಷ್ಟು ನೋಡಿದ್ದೇನೆ, ಎಷ್ಟು ಸಲ ಮೂಗು ಸೀನಿಕೊಂಡಿದ್ದೇನೆ! ಬರೆಯಲು ಹೋದರೆ ಬರುವುದೆಲ್ಲ ಒಂದೋ ಬೆಂಕಿ, ಇಲ್ಲವೋ ಕಣ್ಣೀರು. ಮಗಳು ಮೆಚ್ಚಿದ ಹುಡುಗ ಬದುಕಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಪಡಸಾಲೆಯಲ್ಲಿ ಬಂದು ಕೂತರೆ ಒಬ್ಬ ಅಪ್ಪ ಏನು ಹೇಳಬೇಕು? ಯಾವ ನಾಟಕದಲ್ಲಾದರೂ ಅದನ್ನು ಹೇಳಿಕೊಟ್ಟಿದ್ದಾರಾ? ನನಗಂತೂ ಒಂದು ಸಾಲೂ ಹುಟ್ಟಲಿಲ್ಲ. ಖಾಲಿ ಕೈಯಲ್ಲಿ ಊರಿಗೆ ಹೋದೆ.

ಮಲ್ಲಿಕಾರ್ಜುನ ಬಂದ. ತೆಳ್ಳಗಿನ ಹುಡುಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಜೊತೆಗೆ ಅವನ ಅಪ್ಪ. "ನಮ್ಮ ಮನಿಯಾಕಿ ಬಂದಿಲ್ರಿ. ಇನ್ನಾ ಸಿಟ್ಟಿನಾಗ ಅದಾಳ," ಅಂದರು ಆ ಹಿರಿಯರು, ಮುಚ್ಚುಮರೆಯಿಲ್ಲದೆ. ಒಳಪಂಗಡದ ರೋಗ ಒಂದೇ ಕಡೆ ಇರುತ್ತದೆಯೇ? ಅವರ ಮನೆಯಲ್ಲೂ ಇತ್ತು. ಅಡುಗೆಮನೆಯ ಬಾಗಿಲಲ್ಲಿದ್ದ ಸುವರ್ಣಾ ನನ್ನ ಕಿವಿಯಲ್ಲಿ ಅಂದಳು, "ಅವರ ಮುಂದನೂ ಹೋಗಿ ಕುಂದರ್ತೇನಿ ಅತ್ತಿ. ಎಷ್ಟು ದಿನ ಮಾರಿ ತಿರುಗಿಸ್ತಾರ?"

ಪಡಸಾಲೆಯಲ್ಲಿ ಮಳೆ ಬಗ್ಗೆ ಒಂದು ಮಾತು, ತೊಗರಿ ರೇಟಿನ ಬಗ್ಗೆ ಒಂದು ಮಾತು, ಮುಗಿಯಿತು. ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಹುಡುಗ ನೆಲ ನೋಡುತ್ತಿದ್ದ. ಅಣ್ಣ ಎರಡು ಸಲ ಗಂಟಲು ಸರಿಮಾಡಿಕೊಂಡ. ಒಂದು ಸಲ ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ, ಅವತ್ತು ಪ್ರಾಂಪ್ಟರ್ ಅಲ್ಲಾಡಿಸಿದ ಹಾಗೆಯೇ. ಇವನು ಈಗ ಏನಾದರೂ ಎಡವಟ್ಟು ಮಾತಾಡಿದರೆ ಆ ಹುಡುಗಿಯ ಇಷ್ಟು ದಿನದ ಕಾಯುವಿಕೆ ನೀರಲ್ಲಿ ಹೋಮ.

ಅಣ್ಣ ಎದ್ದ. ಹುಡುಗನ ಹತ್ತಿರ ಹೋದ. ಅವನ ಹೆಗಲ ಮೇಲೆ ಕೈ ಇಟ್ಟ.

"ಕೈ ತೊಳ್ಕೋರಿ ಮಾಸ್ತರ," ಅಂದ. "ರೊಟ್ಟಿ ಆರ್ತಾವ. ಊಟಕ್ಕ ಏಳ್ರಿ."

ಅಷ್ಟೇ. ಹುಡುಗನಿಗಿಂತ ಮೊದಲು ಅವನ ಅಪ್ಪ ಎದ್ದರು. ಎಲ್ಲರೂ ಒಂದೇ ಸಾಲಿನಲ್ಲಿ ಕೂತರು, ಅಣ್ಣ ಹುಡುಗನ ಪಕ್ಕದಲ್ಲೇ ಕೂತ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಮೊಸರು ಹಾಕಬೇ ಅವರಿಗೆ, ಸುಮ್ನ ಯಾಕ ನಿಂತಿ?" ಅಂತ ಮಗಳಿಗೆ ಗದರಿದ. ಸುವರ್ಣಾ ಮೊಸರಿನ ಗಡಿಗೆ ತರಲು ಒಳಗೆ ಬಂದವಳು ಗೋಡೆಗೆ ಮುಖ ಮಾಡಿ ನಿಂತು ಗಳಗಳ ಅತ್ತುಬಿಟ್ಟಳು. ಇಷ್ಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಆಮೇಲೆ ಕಣ್ಣೊರೆಸಿಕೊಂಡು ಹೋಗಿ ಬಡಿಸಿದಳು.

ಮದುವೆಯ ದಿನ ಇನ್ನೂ ಗೊತ್ತಾಗಿಲ್ಲ. ಹುಡುಗನ ಅವ್ವ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಸುವರ್ಣಾ ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿ ಖಾಲಿಯಾಗಿ ವಾಪಸ್ ಬಂದಿದೆ. ಆಗುತ್ತದೆ ಬಿಡಿ. ಅವಳು ಕೂತು ಮಾತಾಡಿಸುತ್ತಾಳೆ, ಅವರೂ ಎಷ್ಟು ದಿನ ಅಂತ ಸುಮ್ಮನಿರುತ್ತಾರೆ?

ನನ್ನನ್ನು ಕಾಡುತ್ತಿರುವುದು ಬೇರೆ. ಅಷ್ಟು ವರ್ಷ ಅಷ್ಟು ಚೆಂದದ ಡೈಲಾಗ್ ಹೇಳಿದ ನನ್ನ ಅಣ್ಣ, ಜೀವಮಾನದಲ್ಲಿ ಆಡಿದ ಅತಿ ದೊಡ್ಡ ಪ್ರೇಮದ ಮಾತು 'ಊಟಕ್ಕ ಏಳ್ರಿ'.

ಇಷ್ಟು ಸಾದಾ ಮಾತೊಂದು ಬಾಯಿಂದ ಹೊರಡಲು ನಮಗೆ ಪ್ರತಿ ಸಲ ಎರಡು ಹೆಣ ಯಾಕೆ ಬೇಕು?